ಕೆರೆ ಏರಿಯ ಬಳಿ ತಂತಿ ಗಾಡಿ

ತರೀಕೆರೆ ರೈಲು ಸ್ಟೇಷನ್ನಿನಲ್ಲಿ ತಂತಿ ಕಳಿಸುವ ಕೆಲಸಕ್ಕೆ ನಾನು ಸೇರಿ ಅದು ಮೂರನೆಯ ಮಳೆಗಾಲ. ಲಿಂಗದಹಳ್ಳಿ ಕಡೆಯ ಬೆಟ್ಟಗಳಲ್ಲಿ ಐದು ದಿನ ಬಿಡದೆ ಸುರಿದು, ನಮ್ಮಿಂದ ಐದು ಮೈಲಿ ದೂರದ ಒಂದು ದೊಡ್ಡ ಕೆರೆ ತುಂಬಿತ್ತು. ಅದರ ಏರಿ ಜಿನುಗುತ್ತಿತ್ತು. ಏರಿಯ ಕೆಳಗೆ ಎರಡು ಹಳ್ಳಿ. ತಾಲ್ಲೂಕಿನ ಅಮಲ್ದಾರರು ಅಲ್ಲೇ ಬೀಡುಬಿಟ್ಟಿದ್ದರು. ಅವರ ಚೀಟಿ ಹಿಡಿದು ಕುದುರೆ ಸವಾರ ಬರಬೇಕು, ನಾನು ತಂತಿ ಕೊಡಬೇಕು, ಉತ್ತರ ತೆಗೆದುಕೊಂಡು ಅವನು ತುಂಬಿದ ಹಳ್ಳ ಸುತ್ತಿ ವಾಪಸು ಹೋಗಬೇಕು. ಅಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು.

ಏರಿಯ ಮೂಲೆಗೆ ಕೂಗಳತೆಯಲ್ಲೇ ರೈಲು ದಾರಿ, ಅದರ ಪಕ್ಕದಲ್ಲೇ ತಂತಿ ಕಂಬಗಳು. "ತಂತಿ ಯಂತ್ರವನ್ನೇ ಅಲ್ಲಿಗೆ ಒಯ್ದರೆ ಹೇಗೆ?" ಎಂದು ಸ್ಟೇಷನ್ ಮಾಸ್ತರರನ್ನು ಕೇಳಿದೆ. ನಡುವೆ ಮೋರಿ ಕುಸಿದಿದ್ದರಿಂದ ಹಳಿಯ ಮೇಲೆ ಟ್ರಾಲಿ ಹೋಗುವಂತಿರಲಿಲ್ಲ. ಅವರು ಒಂದು ಕಮಾನು ಗಾಡಿ ಹೂಡಿಸಿದರು. ಗಾಜಿನ ಬ್ಯಾಟರಿಗಳನ್ನು ರಾಗಿ ಹುಲ್ಲಿನಲ್ಲಿ ಹುದುಗಿಸಿಟ್ಟು, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದಾರಿಯ ಕುಲುಕಿಗೆ ಎರಡು ಬ್ಯಾಟರಿ ಒಡೆದೇ ಹೋದವು.

ಜೊತೆಗೆ ಬಂದಿದ್ದ ಲೈನ್‌ಮನ್ ಕಂಬ ಹತ್ತಿ ತಂತಿ ಇಳಿಸಿಕೊಟ್ಟ. ಹಸಿ ನೆಲಕ್ಕೆ ಹಾರೆ ಹೊಡೆದು ಯಂತ್ರದ ಇನ್ನೊಂದು ತಂತಿಯನ್ನು ಅದಕ್ಕೆ ಕಟ್ಟಿದೆವು. ಯಂತ್ರ ಮಾತಾಡಿತು. ಸದ್ದು ಸಣ್ಣದು, ಮೇಲೆ ಮಳೆಯ ಗದ್ದಲ. ಕಿವಿಯನ್ನು ಯಂತ್ರಕ್ಕೆ ತಾಗಿಸಿಕೊಂಡೇ ಕೆಲಸ ಮಾಡಿದೆ.

ಅಮಲ್ದಾರರು ಗಾಡಿಯ ಬಾಯಲ್ಲೇ ಪೆಟ್ಟಿಗೆ ಹಾಕಿಸಿಕೊಂಡು ಕೂತರು. ಕಡೂರಿಗೆ ಹೇಳಿ ಗೋಣಿಚೀಲ, ಅಜ್ಜಂಪುರಕ್ಕೆ ಹೇಳಿ ಆಳು ತರಿಸಿದರು. ಬೀರೂರಿನಿಂದ ಬಂದ ರೈಲು ನಮ್ಮೆದುರೇ ನಿಂತು ಚೀಲಗಳನ್ನೂ ಆಳುಗಳನ್ನೂ ಇಳಿಸಿತು. ಚೀಲಕ್ಕೆ ಮರಳು ತುಂಬಿ ಏರಿಗೆ ಒಟ್ಟಿದರು. ಜಿನುಗು ನಿಲ್ಲಲಿಲ್ಲ.

ಮಧ್ಯಾಹ್ನ ನೀರಗಂಟಿ ಬಂದ. ಕೆರೆ ತೂಬು ಕಾಯುತ್ತಾ ಮುದುಕನಾದವನು. "ಏರಿ ಸಂಜೆಗಂಟ ತಡೆಯಾಕಿಲ್ಲ ಬುದ್ಧಿ. ಕೋಡಿ ಮಗ್ಗುಲಲ್ಲಿ ಕಡಿದು ನೀರು ಬಿಟ್ಬಿಡಬೇಕು," ಅಂದ.

ಕೋಡಿಯ ಕೆಳಗೆ ಒಂದು ತೆಂಗಿನ ತೋಟ. ಗಂಡ ಸತ್ತ ಮೇಲೆ ಒಬ್ಬ ಹೆಂಗಸು ತಾನೇ ನಿಂತು ಬೆಳೆಸಿದ್ದು. ನೀರು ಅಲ್ಲಿ ನುಗ್ಗಿದರೆ ತೋಟ ಉಳಿಯುವ ಹಾಗಿರಲಿಲ್ಲ. ಅಪ್ಪಣೆ ಕೇಳಿ ಅಮಲ್ದಾರರು ಮೇಲಿನವರಿಗೆ ತಂತಿ ಕೊಡಿಸಿದರು. ಆ ಹೆಂಗಸನ್ನೂ ಕರೆಸಿದರು. ಆಕೆ ನೆನೆದುಕೊಂಡೇ ಬಂದು, ವಿಷಯ ಕೇಳಿ, ನೀರಗಂಟಿಯ ಕಡೆ ತಿರುಗಿದಳು.

"ಕಡಿದ್ರೆ ಊರು ಉಳೀತದಾ?"

"ಉಳೀತದೆ ಕಣಕ್ಕ."

"ದನ ಬಿಚ್ಕೊಂಡ್ ಬತ್ತೀನಿ. ಅಷ್ಟು ಹೊತ್ತು ಕೊಡಿ ಬುದ್ಧಿ," ಎಂದು ಹೊರಟಳು.

ಆಕೆ ಆ ಕಡೆ ಹೋಗುತ್ತಿದ್ದಂತೆ ಯಂತ್ರ ಬಡಿಯತೊಡಗಿತು. "ಏರಿ ಮುಟ್ಟಕೂಡದು. ನಾಳೆ ಇಂಜಿನಿಯರ್ ಬರುತ್ತಾರೆ." ಪೆನ್ಸಿಲ್ ಹಿಡಿದ ಕೈ ನಿಂತಿತು. ಅಮಲ್ದಾರರು ನನ್ನ ಮುಖ ನೋಡಿದರು.

"ಏನು ಬಂತು?"

ಹೇಳಿದೆ. ಹೇಳಿ, ದನಿ ತಗ್ಗಿಸಿ ಸೇರಿಸಿದೆ: "ಬ್ಯಾಟರಿ ಬಲ ಕುಂದಿದೆ ಸ್ವಾಮಿ. ಸರಿಯಾಗಿ ಕೇಳಲಿಲ್ಲ ಎಂದು ಬರೆಯಬಹುದು."

"ನಿಮಗೆ ಕೇಳಿಸಿತೋ ಇಲ್ಲವೋ?"

"ಕೇಳಿಸಿತು."

"ಹಾಗಾದರೆ ಕೇಳಿಸಿದ ಹಾಗೇ ಬರೀರಿ. ಗಂಟೆ ಎಷ್ಟು ಅನ್ನೋದನ್ನೂ ಬರೀರಿ." ಕಾಗದವನ್ನು ಎರಡು ಸಲ ಓದಿ ಕೋಟಿನ ಜೇಬಿಗೆ ಹಾಕಿಕೊಂಡರು. "ಈಗ ಇನ್ನೊಂದು ಕಳಿಸಿ. ಕೋಡಿ ಕಡಿಸುತ್ತಿದ್ದೇನೆ, ಹೊಣೆ ನನ್ನದು."

ಒತ್ತುವಾಗ ಒಂದು ಮಾತು ತಪ್ಪಿ, ಅದನ್ನು ಎರಡನೆಯ ಸಲ ಕಳಿಸಬೇಕಾಯಿತು.

ಹೆಂಗಸು ಎರಡು ಎಮ್ಮೆ, ಒಂದು ಕರು ಹೊಡೆದುಕೊಂಡು ದಿಬ್ಬ ಹತ್ತಿದ ಮೇಲೆ ಆಳುಗಳು ಗುದ್ದಲಿ ಎತ್ತಿದರು. ಮೊದಲು ತೆಳ್ಳಗೆ ಹರಿದ ನೀರು ಗಳಿಗೆಯಲ್ಲೇ ಮಣ್ಣು ಕೊರೆದುಕೊಂಡು ನುಗ್ಗಿತು. ಫಸಲು ಬಿಟ್ಟ ತೆಂಗಿನ ಮರಗಳು ವಾಲಿ, ಬುಡ ಮೇಲಾಗಿ, ಒಂದರ ಹಿಂದೊಂದು ಬಿದ್ದವು. ಆಕೆ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ಪೂರ್ತಿ ನೋಡಿದಳು. ಇಳಿಹೊತ್ತಿಗೆ ಕೆರೆಯ ಮಟ್ಟ ಎರಡು ಮೊಳ ತಗ್ಗಿತು. ಏರಿ ನಿಂತಿತು.

ಮಾರನೆಯ ದಿನ ಇಂಜಿನಿಯರ್ ಬಂದು, ಏರಿಯುದ್ದಕ್ಕೂ ನಡೆದು, ಹೆಚ್ಚು ಮಾತಾಡದೆ ಹೋದರು. ಆಮೇಲೆ ಚಿಕ್ಕಮಗಳೂರಿನಲ್ಲಿ ವಿಚಾರಣೆ ನಡೆಯಿತು. "ಆರ್ಡರು ಸ್ಪಷ್ಟವಾಗಿ ಕೇಳಿಸಿತ್ತೇ?" ಎಂದು ನನ್ನನ್ನು ಕೇಳಿದರು. ಕೇಳಿಸಿತ್ತು ಎಂದೆ. ಗಂಟೆ ಸಮೇತ ಅದರ ನಕಲು ಬರೆದಿಟ್ಟಿದ್ದ ತಂತಿ ಪುಸ್ತಕ ತೋರಿಸಿದೆ. ಅಮಲ್ದಾರರಿಗೆ ದೂರದ ತಾಲ್ಲೂಕಿಗೆ ವರ್ಗವಾಯಿತು. ಹೊರಡುವ ದಿನ ಅವರು ನಮ್ಮ ಸ್ಟೇಷನ್ನಿನಲ್ಲೇ ರೈಲು ಹತ್ತಿದರು. ಅವತ್ತು ನಾನು ಕೊಟ್ಟ ಸಲಹೆಗೆ ಕ್ಷಮೆ ಕೇಳಬೇಕೆಂದು ಹತ್ತಿರ ಹೋದವನು, ಟ್ರಂಕು ಮಾತ್ರ ಎತ್ತಿಕೊಟ್ಟು ಬಂದೆ.

ಎರಡು ವರ್ಷದ ಮೇಲೆ ಆ ಕಡೆ ಹೋಗಿದ್ದೆ. ಎರಡೂ ಹಳ್ಳಿಯವರು ಸೇರಿ ತೋಟದಲ್ಲಿ ನೀರು ತಂದು ತುಂಬಿದ್ದ ಮರಳನ್ನು ಹೊತ್ತು ಹಾಕಿದ್ದರು. ಆಕೆ ಹೊಸ ಸಸಿಗಳ ಸಾಲಿನಲ್ಲಿ ಕಳೆ ಕೀಳುತ್ತಿದ್ದಳು. ಮಜ್ಜಿಗೆ ಕೊಟ್ಟಳು. ಬೇಸರವಿದೆಯೇ ಎಂದು ಕೇಳಿದೆ.

"ಇಲ್ದೆ ಏನಪ್ಪಾ," ಅಂದಳು. "ಆದ್ರೂ ಸಸಿ ನೆಡಾಕೆ ಊರಿಗೆ ಊರೇ ಬಂದಿತ್ತು ನೋಡು." ಮತ್ತೆ ಬಗ್ಗಿ ಕಳೆಗೆ ಕೈ ಹಾಕಿದಳು.