ಬೀಬಿಸೋರಾ ಅಕ್ಕ ಚಂದ ಅಂದ ಕೆಂಪು

ನಮ್ಮ ನುರಾತಾ ಊರಿನಲ್ಲಿ ಯಾವುದು ಚಂದ, ಯಾವುದು ಅಲ್ಲ ಎಂದು ನಲವತ್ತು ವರ್ಷ ತೀರ್ಪು ಕೊಟ್ಟವಳು ಬೀಬಿಸೋರಾ ಅಕ್ಕ. ಮದುಮಗಳ ಮನೆಯ ಗೋಡೆಗೆ ಹಾಕುವ ಕಸೂತಿ ಬಟ್ಟೆ ಸುಜಾನಿ. ಅದರ ಮೇಲೆ ಹೂಬಳ್ಳಿ ಬರೆದುಕೊಡುವುದು ಅವಳ ಕಸುಬು. ನಾನು ಪಕ್ಕದ ಮನೆಯವಳು. ಅವಳು ಮೂಗು ಮುರಿದಳೆಂದು ಹೊಸ ಪರದೆಯನ್ನೇ ಕಿತ್ತುಹಾಕಿದ್ದೇನೆ.

ನಾಲ್ಕು ಪಟ್ಟಿ ಸೇರಿಸಿದ ಬಟ್ಟೆಯ ಮೇಲೆ ಅವಳು ಬರೆದಾದ ಮೇಲೆ ಹೊಲಿಗೆ ಬಿಚ್ಚಿ, ಆ ಪಟ್ಟಿಗಳನ್ನು ಕಸೂತಿಗೆ ನಾಲ್ಕು ಮನೆಗೆ ಹಂಚುತ್ತೇವೆ. ಕಸೂತಿ ಮುಗಿದ ಮೇಲೆ ಮತ್ತೆ ಕೂಡಿಸುತ್ತೇವೆ. ನನ್ನ ಮಗಳು ನಿಗಿನಾಳ ಸುಜಾನಿಯಲ್ಲಿ ಒಂದು ಪಟ್ಟಿಯನ್ನು ಅಕ್ಕನೇ ಪ್ರೀತಿಯಿಂದ ಹೊಲಿದಳು. ಮದುವೆಗೆ ಮೂರು ದಿನ ಇರುವಾಗ ಕೂಡಿಸಿ ನೋಡಿದರೆ, ನಡುವಿನ ಹೂವು ಅರ್ಧ ದಾಳಿಂಬೆ ಕೆಂಪು, ಅಕ್ಕ ಹೊಲಿದ ಇನ್ನರ್ಧ ಇಟ್ಟಿಗೆ ಕೆಂಪು.

"ಇದೇನಕ್ಕಾ ಮಾಡಿಟ್ಟಿದ್ದೀಯ?"

"ಯಾಕೆ? ಎರಡೂ ಒಂದೇ ಕೆಂಪು. ಚಂದ ಇದೆಯಲ್ಲ."

"ನಿನಗೇನು ಕಣ್ಣು ಕುರುಡಾ?" ಎಂದುಬಿಟ್ಟೆ. ನನ್ನ ನಾಲಿಗೆಗೆ ಹಿಡಿತವಿಲ್ಲ.

ಅವಳು ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ವ್ಯತ್ಯಾಸ ಕಾಣಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಆ ವಾರವೇ ಡಾಕ್ಟರು ಹೇಳಿದರು.

ಬಿಚ್ಚಿ ಹೊಲಿಯಲು ದಿನವೆಲ್ಲಿತ್ತು? ಹಾಗೇ ಕಳಿಸಿದೆವು. ಬೀಗರ ಮನೆಯ ಹೆಂಗಸರು ಮೊದಲು ಮುಖ ಕಿವುಚಿದರು. ಬರೆದವಳು ಯಾರೆಂದು ಕೇಳಿದ್ದೇ ತಡ, "ಬೀಬಿಸೋರಾನಾ? ಹಾಗಾದ್ರೆ ಬೇಕಂತಲೇ ಮಾಡಿರ್ತಾಳೆ" ಎಂದರು. ವಸಂತ ಬರುವಷ್ಟರಲ್ಲಿ ಮೂರು ಮನೆಯವರು ಅಂಥದ್ದೇ ಎರಡು ಕೆಂಪಿನ ಹೂವು ಕೇಳಿದರು.

ನನಗೆ ನಗು. ಅಕ್ಕನಿಗೆ ಊಟ ಸೇರಲಿಲ್ಲ.

"ಅವರು ಬಟ್ಟೆ ನೋಡಿ ಮೆಚ್ಚಿದ್ರೋ, ನನ್ನ ಹೆಸರು ಕೇಳಿ ಮೆಚ್ಚಿದ್ರೋ? ಪೊರೆ ತೆಗೆಸಿ ಕಣ್ಣು ತೆರೆದ ಮೇಲೆ ನನಗೂ ಅದು ಚಂದ ಕಂಡರೆ ಏನೇ ಮಾಡ್ಲಿ? ನಾನೂ ಅವರ ಹಾಗೆ ನನ್ನ ಹೆಸರಿಗೇ ಮರುಳಾದೆ ಅಂತಲೇ ಅಲ್ವಾ?" ಎಂದಳು. ಅಂದಿನಿಂದ ಬರೆಯುವ ಕಡ್ಡಿ ಮುಟ್ಟಲಿಲ್ಲ.

ಆಪರೇಷನ್ ಆಯಿತು. ಆದರೂ ತಿಂಗಳುಗಟ್ಟಲೆ ನಿಗಿನಾಳ ಮನೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ನಾನೇ ಎಳೆದುಕೊಂಡು ಹೋದೆ. ಗೋಡೆಯ ಮುಂದೆ ನಿಂತು ಆ ನಡುವಿನ ಹೂವಿನ ಮೇಲೆ ಬೆರಳಾಡಿಸಿದಳು.

"ಥೂ, ಎಂಥಾ ದರಿದ್ರ ಕೆಂಪು," ಎಂದಳು.

ನಿಗಿನಾ ಮೆಲ್ಲಗೆ, "ನನಗೆ ಆ ಹೂವೇ ಇಷ್ಟ ದೊಡ್ಡಮ್ಮ" ಎಂದಳು.

"ಯಾರು ಹೇಳಿಕೊಟ್ಟರು ನಿನಗೆ?"

"ಯಾರೂ ಇಲ್ಲ. ಅಮ್ಮ ಅದನ್ನ ಬೈದಿದ್ದೇ ಬಂತು. ಹೊಸ ಮನೇಲಿ ಭಯ ಆಗ್ತಿತ್ತು. ಬೆಳಿಗ್ಗೆ ಎದ್ದ ತಕ್ಷಣ ಅದೇ ಕಾಣ್ತಿತ್ತು."

"ಹಾಗಿದ್ರೆ ಅದು ನಿನಗೆ ಚಂದ ಕಣಮ್ಮಾ, ಇಟ್ಟುಕೋ. ನಾನು ಬೇಡ ಅನ್ನಲ್ಲ."

ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು, ನಗುತ್ತಿದ್ದಳು.

"ಕಾಣ್ತದೆ ಕಣೇ," ಎಂದಳು. "ಕೆಟ್ಟದ್ದು ನನಗೆ ಕೆಟ್ಟದಾಗೇ ಕಾಣ್ತದೆ."