ತಕ್ಕಡಿಗೆ ಹಚ್ಚಿದ ವಿಭೂತಿ

ಚಂದ್ರನ ಕಲ್ಲನ್ನು ಮೊದಲ ಸಲ ನೋಡಿದಾಗ ನನಗೆ ನಿರಾಸೆಯೇ ಆಯಿತು. ಬೆರಳುದ್ದದ ಗಾಜಿನ ಶೀಶೆಯ ತಳದಲ್ಲಿ ನಾಲ್ಕು ಕಪ್ಪು ಚೂರು. ವಿಕ್ರೋಳಿ ಸ್ಟೇಷನ್ನಿನಲ್ಲಿ ಚಪ್ಪಲಿಗೆ ಸಿಕ್ಕಿಕೊಳ್ಳುವ ಜಲ್ಲಿ ಹರಳಿಗಿಂತ ಅವು ದೊಡ್ಡವೇನಲ್ಲ. ಇಷ್ಟಕ್ಕಾಗಿ ಎರಡು ತಿಂಗಳು ನಿದ್ದೆಗೆಟ್ಟೆನೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಎಪ್ಪತ್ತರ ದಶಕದ ಆರಂಭದ ಮಾತಿದು. ಬಿ.ಎಸ್ಸಿ. ಮುಗಿಸಿ, ಬೊಂಬಾಯಿಯ ಫೋರ್ಟ್‌ನ ಹಳೆಯ ಕಲ್ಲು ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿದ್ದ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದ್ದೆ. ಕೆಲಸ ತಾತ್ಕಾಲಿಕ. ಕಾಯಂ ಮಾಡುತ್ತಾರೋ ಮನೆಗೆ ಕಳಿಸುತ್ತಾರೋ ಡಿಸೆಂಬರಿನಲ್ಲಿ ತಿಳಿಯಬೇಕಿತ್ತು. ನಮ್ಮ ಸರ್ ಉಡುಪಿ ಕಡೆಯವರು. ವರ್ಷಗಟ್ಟಲೆ ಪತ್ರ ಬರೆದು ಬರೆದು ಆ ನಾಲ್ಕು ಚೂರು ತರಿಸಿಕೊಂಡಿದ್ದರು. ಅವುಗಳನ್ನು ಪುಡಿ ಮಾಡಿ ತೂಗುವುದು ನನ್ನ ಪಾಲಿನ ಕೆಲಸ. ಎರಡು ತಿಂಗಳು ಬೊಂಬಾಯಿಯ ಕರಿಕಲ್ಲಿನ ಪುಡಿಯ ಮೇಲೆ ಅಭ್ಯಾಸ ಮಾಡಿಸಿದರು. ಅದೂ ಲಾವಾ ಆರಿ ಆದ ಕಲ್ಲು, ಚಂದ್ರನದೂ ಅದೇ ಜಾತಿಯದು, ಆದರೆ ಚಂದ್ರನದರಲ್ಲಿ ನೀರಿನ ಪಸೆ ಇಲ್ಲ, ಪೊಟ್ಯಾಸಿಯಂ ಬಲು ಕಡಿಮೆ ಎಂದು ಹೇಳಿಕೊಟ್ಟಿದ್ದರು.

ಕಡಿಮೆ ಇರುವುದನ್ನು ಅಳೆಯುವವರಿಗೆ ಎಲ್ಲವೂ ವೈರಿಯೇ. ಬೆವರಿನಲ್ಲಿ ಉಪ್ಪಿದೆ, ಮುಖದ ಪೌಡರಿನಲ್ಲಿ ಇನ್ನೇನೋ ಇದೆ, ಬಳೆ ಬಳೆಗೆ ತಾಗಿದರೆ ಗಾಜಿನ ಧೂಳು. ಬಳೆ ತೆಗೆದೆ, ಪೌಡರ್ ಬಿಟ್ಟೆ, ಹೂ ಮುಡಿಯುವುದನ್ನೂ ಬಿಟ್ಟೆ. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಎದುರು ಕೂರುತ್ತಿದ್ದ ಹೆಂಗಸು ನನ್ನ ಬೋಳು ಕೈ ನೋಡಿ, "ಘರ್ ಮೇ ಕುಛ್ ಹುವಾ ಕ್ಯಾ?" ಎಂದು ಮೆಲ್ಲಗೆ ಕೇಳಿದಳು. ಯಾರೂ ಸತ್ತಿಲ್ಲಮ್ಮ, ಚಂದ್ರನ ಕಲ್ಲು ತೂಗಬೇಕು ಎಂದಿದ್ದರೆ ನನ್ನನ್ನು ಹುಚ್ಚಿ ಅನ್ನುತ್ತಿದ್ದಳು. ನಕ್ಕು ಸುಮ್ಮನಾದೆ.

ಇಷ್ಟೆಲ್ಲ ಮಡಿ ಮಾಡಿದವಳು ಕೊನೆಗೆ ಎಡವಿದ್ದು ನನ್ನ ಅಪ್ಪನ ಮಾತಿಗೆ.

ಅಪ್ಪ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಟರ್ನರ್. ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಇಪ್ಪತ್ತು ವರ್ಷವಾಗಿತ್ತು. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಖಂಡೇನವಮಿಯ, ಅಂದರೆ ಆಯುಧಪೂಜೆಯ ಬೆಳಿಗ್ಗೆ ಅವನು ತನ್ನ ಲೇಥ್ ಯಂತ್ರಕ್ಕೆ ಪೂಜೆ ಮಾಡಲು ಹೂವು, ಕುಂಕುಮ, ನಿಂಬೆಹಣ್ಣು ಕಟ್ಟಿಕೊಳ್ಳುತ್ತಿದ್ದ. ಮರುದಿನ ದಸರೆಯ ರಜೆ. ಅದು ಮುಗಿದೊಡನೆ ನಾನು ಚಂದ್ರನ ಮೊದಲ ಚೂರನ್ನು ತೂಗಬೇಕಿತ್ತು. ಚಹಾದ ಬಸಿ ಹಿಡಿದಿದ್ದ ನನ್ನ ಕೈ ನಡುಗುವುದನ್ನು ಅಪ್ಪ ನೋಡಿದ.

"ನಿನ್ನ ತಕ್ಕಡಿಗೆ ಪೂಜಾ ಮಾಡ್ತೀಯಿಲ್ಲವಾ?"

"ಎಲ್ಲಾರೂ ನಗ್ತಾರಪ್ಪಾ."

"ನಗಲಿ ಬಿಡು. ನಿನ್ನ ಕೈ ನಡಗಿದ್ರ ಹಿಡ್ಯಾಕ ಅವರು ಬರ್ತಾರೇನು?" ಎಂದು, ಊರಿನಿಂದ ಸೋದರತ್ತೆ ಬೆರಣಿ ಸುಟ್ಟು ಜರಡಿ ಹಿಡಿದು ಕಳಿಸುತ್ತಿದ್ದ ವಿಭೂತಿಯನ್ನು ಕಾಗದದಲ್ಲಿ ಮಡಿಚಿ ನನ್ನ ಪರ್ಸಿಗೆ ಹಾಕಿದ.

ನಾನು ಕೆಮಿಸ್ಟ್ರಿ ಓದಿದವಳು, ಇಂಥದಕ್ಕೆಲ್ಲ ಮೂಗು ಮುರಿಯುವವಳು. ಆದರೆ ಅಂಜಿಕೆ ಡಿಗ್ರಿ ನೋಡಿ ಬರುವುದಿಲ್ಲ. ಅಂದು ಮಧ್ಯಾಹ್ನ ಸರ್ ಊಟಕ್ಕೆ ಹೋದಾಗ ತಕ್ಕಡಿಯ ಗಾಜಿನ ಬಾಗಿಲು ಸರಿಸಿದೆ. ಹೊರಗೆ ಹಚ್ಚಿದರೆ ಕಾಣುತ್ತದೆ, ಮಾನ ಹೋಗುತ್ತದೆ. ಅದಕ್ಕೇ ಒಳಗೆ, ತಟ್ಟೆಯ ಹಿಂದಿನ ಕಂಬಕ್ಕೆ ಒದ್ದೆ ಬೆರಳಿನಿಂದ ಮೂರು ಗೆರೆ ಎಳೆದು ಕೈ ಮುಗಿದೆ. ನಿಜ ಹೇಳಬೇಕೆಂದರೆ ಕೈಯ ನಡುಕ ನಿಂತಿತು. ರಜೆ ಮುಗಿದು ಬಂದು ಚೂರನ್ನು ಪುಡಿ ಮಾಡಿ ತೂಗುವಾಗಲೂ ಕೈ ಕಲ್ಲಿನಂತೆ ಸ್ಥಿರವಾಗಿತ್ತು.

ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಜ್ವಾಲೆಗೆ ಹಾಯಿಸಿ ನೋಡಿದಾಗ ಪೊಟ್ಯಾಸಿಯಂ ನಿರೀಕ್ಷೆಯ ಎರಡು ಪಟ್ಟಿಗಿಂತಲೂ ಹೆಚ್ಚು ಬಂತು. ಸರ್ ಮೂರು ಸಲ ನೋಡಿದರು. ಮೂರು ಸಲವೂ ಅದೇ. ಯಾವತ್ತೂ ಗಂಟು ಮುಖದ ಆ ಮನುಷ್ಯ ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತುಬಿಟ್ಟರು.

"ಇದು ಎಂತ ಗೊತ್ತುಂಟಾ ಮಾರಾಯ್ರೆ? ಚಂದ್ರ ಹುಟ್ಟಿದಾಗ ಅವನ ಮೈಯೆಲ್ಲ ಕರಗಿದ ಕಲ್ಲಿನ ಸಮುದ್ರ. ತಣಿದ ಹಾಗೆ ಭಾರದ್ದು ಕೆಳಗೆ ಇಳಿಯಿತು, ಹಗುರದ್ದು ಮೇಲೆ ತೇಲಿತು. ಎರಡಕ್ಕೂ ಸೇರದ್ದು ಕಡೆಗೆ ಉಳಿದ ರಸದಲ್ಲಿ ನಿಂತಿತು. ಈ ಪೊಟ್ಯಾಸಿಯಂ ಅಂಥದ್ದು. ಎಷ್ಟೋ ಕಾಲದ ನಂತರ ಆಳದ ಕಲ್ಲು ಮತ್ತೆ ಕರಗಿ ಲಾವಾ ಆಗಿ ಮೇಲೆ ಬಂತು. ನಮ್ಮ ಚೂರು ಬರುವಾಗ ದಾರಿಯಲ್ಲಿ ಆ ಕಡೇ ರಸವನ್ನು ಮುಟ್ಟಿ ಬಂದಿದೆ!"

ಅವರ ಸಂತೋಷ ನೋಡಿ ನನಗೂ ಸಂತೋಷವಾಯಿತು. ಸಂಜೆ ತಕ್ಕಡಿ ಒರೆಸಲು ಹೋಗುವವರೆಗೆ ಮಾತ್ರ. ಕಂಬದ ಮೇಲಿನ ಮೂರು ಗೆರೆಗಳಲ್ಲಿ ನಡುವಿನದು ಒಣಗಿ, ಉಗುರಿನ ತುದಿಯಷ್ಟು ಹಕ್ಕಳೆ ಎದ್ದು ಉದುರಿತ್ತು. ಕಂಬದ ಮುಂದೆಯೇ ಪುಡಿ ತೂಗಿದ ತಟ್ಟೆ.

ಬೂದಿಯಲ್ಲಿ ಏನಿರುತ್ತದೆ ಎಂದು ಪುಸ್ತಕ ತೆರೆದು ನೋಡುವ ಅಗತ್ಯವಿರಲಿಲ್ಲ. ಹುಲ್ಲು ತಿಂದ ಹಸು, ಹಸುವಿನ ಸಗಣಿ, ಸಗಣಿ ಸುಟ್ಟ ಬೂದಿ. ಪೊಟ್ಯಾಸಿಯಮ್ಮಿನ ಕಣಜ. ಸರ್‌ಗೆ ಹೇಳಲಿಲ್ಲ. ಉಳಿದ ಗೆರೆಗಳನ್ನು ಗಡಿಬಿಡಿಯಲ್ಲಿ ಒರೆಸಿ, ಬಟ್ಟೆಯನ್ನು ಪರ್ಸಿಗೆ ತುರುಕಿದೆ. ಮಾಡಿದ್ದು ತಪ್ಪು, ಒರೆಸಿದ್ದು ಕಳ್ಳತನ. ಎರಡನೆಯದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದಿನ ಎರಡು ದಿನ ಅಪ್ಪ ಕಾಲೊನಿಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಹುಡುಗಿ ಚಂದ್ರಾಮನ್ನ ತೂಗ್ಯಾಳ್ರೀ" ಎಂದು ಸಾರುತ್ತಿದ್ದ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ನಮ್ಮ ಸೋದರತ್ತೆಯ ಹಿತ್ತಿಲಿನ ಬೂದಿ ಚಂದ್ರನ ಚರಿತ್ರೆಯಾಗುತ್ತದೆ. ಬೇರೆ ಯಾರಾದರೂ ತಪ್ಪೆಂದು ತೋರಿಸಿಕೊಟ್ಟರೆ ತಲೆ ತಗ್ಗಿಸಬೇಕಾದವರು ಸರ್. ನಾನಲ್ಲ.

ಮೂರನೆಯ ದಿನ ಸರ್ ಒಂದು ಲಕೋಟೆ ಕೊಟ್ಟರು. ಚೂರು ಕಳಿಸಿದವರಿಗೆ ಬರೆದ ಪತ್ರ, ಒಳಗೆ ಆ ಅಂಕಿ. "ಜಿಪಿಒಗೆ ನೀವೇ ಹೋಗಿ ರಿಜಿಸ್ಟರ್ ಮಾಡಿ ಬನ್ನಿ. ಬೇರೆಯವರ ಕೈಯಲ್ಲಿ ಕೊಡ್ಲಿಕ್ಕೆ ಮನಸ್ಸಿಲ್ಲ" ಎಂದರು.

ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಆರು ಜನರಿದ್ದರು. ಆಮೇಲೆ ನಾಲ್ಕು. ಲಕೋಟೆ ಬೆವರಿಗೆ ಒದ್ದೆಯಾಗುತ್ತಿತ್ತು. ಮುಂದೆ ಒಬ್ಬನೇ ಉಳಿದಾಗ ಕಾಲು ತಾನಾಗಿ ತಿರುಗಿತು. ಧೈರ್ಯ ಬಂದು ತಿರುಗಿದ್ದಲ್ಲ. ಕಿಟಕಿಯ ಆಚೆಗಿನ ಗುಮಾಸ್ತ ಕೈ ಚಾಚಿದ್ದನ್ನು ನೋಡಿ ಹೆದರಿ ತಿರುಗಿದ್ದು.

ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತಲೇ ಎಲ್ಲ ಹೇಳಿದೆ. ಒರೆಸಿದ್ದನ್ನೂ ಹೇಳಿದೆ. ಸರ್ ಎದ್ದು ಹೋಗಿ ತಕ್ಕಡಿಯ ಗಾಜಿನ ಬಾಗಿಲು ಸರಿಸಿ ಕಂಬವನ್ನು ನೋಡಿದರು.

"ಒಳಗೆ ಎಂತಕ್ಕೆ ಹಚ್ಚಿದ್ದು? ಹೊರಗೆ ಜಾಗ ಇರ್ಲಿಲ್ವಾ?"

"ಹೊರಗ ಹಚ್ಚಿದ್ರ ನೀವು ನಗ್ತಿದ್ರಿ, ಸರ್."

ಅವರು ನಗಲಿಲ್ಲ. "ಆ ಬೂದಿ ಇನ್ನೂ ಉಂಟಾ?" ಎಂದರು. ಪರ್ಸಿನಿಂದ ಪೊಟ್ಟಣ ತೆಗೆದುಕೊಟ್ಟೆ. ತಂತಿಯ ತುದಿಗೆ ಚಿಟಿಕೆ ಹಚ್ಚಿ ಬರ್ನರಿನ ಉರಿಗೆ ಹಿಡಿದು, ನೀಲಿ ಗಾಜಿನ ಮೂಲಕ ನೋಡಿದರು. ಆಮೇಲೆ ಗಾಜನ್ನು ನನ್ನ ಕೈಗೆ ಕೊಟ್ಟರು. ಉರಿ ತಿಳಿ ನೇರಳೆಯಾಗಿತ್ತು. ಅನುಮಾನವೇ ಇಲ್ಲ, ಪೊಟ್ಯಾಸಿಯಂ.

ತಕ್ಕಡಿಯನ್ನು ಬಿಚ್ಚಿ ತೊಳೆಸಿ, ಮರುದಿನ ಎರಡನೆಯ ಚೂರನ್ನೂ ನನ್ನಿಂದಲೇ ತೂಗಿಸಿದರು. ಈ ಸಲ ಕೈ ಎಷ್ಟು ನಡುಗಿತೆಂದರೆ ಪುಡಿ ಹಾಕುವ ಚಮಚ ತಟ್ಟೆಗೆ ಬಡಿದು ಟಿಣ್ ಎಂದಿತು. ಅವರು ಕಾದರು, ಬೈಯಲಿಲ್ಲ. ಅಂಕಿ ಬಂತು. ಬೇರೆ ಲ್ಯಾಬಿನವರ ಚೂರಿನಲ್ಲಿ ಎಷ್ಟೋ ಅಷ್ಟೇ, ತೀರಾ ಕಡಿಮೆ. ಕಡೇ ರಸವನ್ನು ಮುಟ್ಟಿರಲಿಲ್ಲ ನಮ್ಮ ಕಲ್ಲು. ಸರ್ ಲಕೋಟೆಯನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ಎರಡು ದಿನದ ಸಂತೋಷದ ಮುಖ ಅವರಿಗೆ ಮತ್ತೆ ಬಂದದ್ದನ್ನು ನಾನು ನೋಡಲಿಲ್ಲ. ಆ ದುಃಖ ನನ್ನನ್ನು ಕೆಲಸದ ಚಿಂತೆಗಿಂತ ಹೆಚ್ಚು ಸುಟ್ಟಿತು.

"ಲ್ಯಾಬಿನ ಪುಸ್ತಕದಲ್ಲಿ ನೀವೇ ಬರೆಯಬೇಕು. ಕಾರಣ ಸಮೇತ" ಎಂದರು. ಮೊದಲ ಅಂಕಿಯ ಮೇಲೆ ಗೆರೆ ಎಳೆದು, 'ತಕ್ಕಡಿಯೊಳಗೆ ಬೂದಿ ಬಿದ್ದಿತ್ತು, ಹಚ್ಚಿದವಳು ನಾನು' ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ.

ಆ ಪುಸ್ತಕವನ್ನು ಡಿಸೆಂಬರಿನಲ್ಲಿ ಮೇಲಿನವರು ತರಿಸಿಕೊಂಡು ನೋಡಿದರು. ಸರ್ ನನ್ನ ಪರವಾಗಿ ಎರಡು ಪುಟ ಬರೆದಿದ್ದರಂತೆ. ಕೆಲಸ ಉಳಿಯಲಿಲ್ಲ. ಜೂನಿನಲ್ಲಿ ಒಂದು ಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದೆ, ನಿವೃತ್ತಿಯವರೆಗೂ ಅಲ್ಲೇ ಇದ್ದೆ.

ಅಪ್ಪನಿಗೆ ನಿಜ ಹೇಳಲು ಬಾಯಿ ಬರಲೇ ಇಲ್ಲ. ಟೆಂಪರರಿ ಇತ್ತು, ತೆಗೆದರು ಎಂದಷ್ಟೇ ಹೇಳಿದ್ದೆ. ಮರುವರ್ಷ ಖಂಡೇನವಮಿಯ ದಿನ ಅವನು ಹೂವು, ಕುಂಕುಮ ಕಟ್ಟಿಕೊಳ್ಳುತ್ತಾ ಕೈ ನಿಲ್ಲಿಸಿ ನನ್ನನ್ನೇ ನೋಡಿದ.

"ಒಂದ ಚಿಟಿಕಿ ಕೊಟ್ಟು ಕಳಿಸಿದ್ನೆವಾ ನಾ," ಎಂದ. "ಅಷ್ಟ ದೊಡ್ಡ ಕೆಲಸಕ್ಕ ಅದು ಸಾಲಲಿಲ್ಲ ಅನಸ್ತೈತಿ. ಇನ್ನೊಂದೀಟು ಕೊಡಬೇಕಾಗಿತ್ತು."

"ಹೂಂ ಅಪ್ಪಾ," ಎಂದೆ. "ಸಾಲಲಿಲ್ಲ."