ಪೆರೆತ್ ಕೆತ್ತಿದ ಕೊನೆಯ ತಗಡು

ಹದಿನೈದನೆಯ ಲೂಯಿ ಇನ್ನೂ ಎಳೆಯ ದೊರೆಯಾಗಿದ್ದಾಗ, ಪ್ಯಾರಿಸ್ಸಿನ ಸಾಂ ಜಾಕ್ ಬೀದಿಯಲ್ಲಿ ಪೆರೆತ್ ಲೋಬಿನೋ ಎಂಬ ವಿಧವೆ ಅಚ್ಚಿಗಾಗಿ ತಾಮ್ರದ ತಗಡಿನ ಮೇಲೆ ಸಂಗೀತದ ಸ್ವರಲಿಪಿ ಕೆತ್ತಿ ಬದುಕುತ್ತಿದ್ದಳು. ಅಚ್ಚು ನೆಟ್ಟಗೆ ಬರಬೇಕಾದರೆ ತಗಡಿನಲ್ಲಿ ಎಲ್ಲವೂ ತಿರುಗುಮುರುಗಾಗಿರಬೇಕು; ಬಲದಿಂದ ಎಡಕ್ಕೆ ಕೆತ್ತುತ್ತಲೇ ಮೂವತ್ತು ವರ್ಷ ಕಳೆದಿದ್ದಳು. ಗಂಡ ಸಾಯುವಾಗ ಬಿಟ್ಟದ್ದು ಉಳಿಗಳನ್ನೂ ಅರ್ಧ ಮುಗಿದ ಒಂದು ಪುಸ್ತಕವನ್ನೂ. ಅದನ್ನು ಮುಗಿಸುತ್ತಲೇ ಕೆಲಸ ಕಲಿತಳು. ನುಡಿಸಲು ಬಾರದು, ಕೂತು ಕೇಳಲು ಪುರುಸೊತ್ತಿಲ್ಲ. ಆದರೂ ಒಂದು ಸ್ವರ ತಪ್ಪಿದವಳಲ್ಲ, ಅದರ ಜಂಬವೂ ಸಾಕಷ್ಟಿತ್ತು.

ಐವತ್ತೆಂಟಕ್ಕೆ ಕಣ್ಣು ಮಂಜಾಯಿತು. ಹೇಳಿದರೆ ಯಾರು ತಗಡು ಕೊಡುತ್ತಾರೆ? ಸ್ವರಗಳು ಕೂರುವ ಐದೈದು ಗೆರೆಗಳನ್ನು ಉಗುರಿನಿಂದ ತಡವಿ ಎಣಿಸಿಕೊಂಡು ಕೆಲಸ ಸಾಗಿಸಿದಳು.

ಆಗ ಸಂಗೀತ ಕಲಿಸುವ ಬ್ರಿಕಾರ್ ಮೇಷ್ಟ್ರ ಪುಸ್ತಕ ಅವಳ ಕೈಯಲ್ಲಿತ್ತು. ಮಣೆ ಒತ್ತಿದರೆ ಒಳಗೆ ಗರಿಯ ಮೊನೆ ತಂತಿ ಮೀಟುವ ಹಾರ್ಪ್ಸಿಕಾರ್ಡ್ ವಾದ್ಯಕ್ಕೆ ಬರೆದ ಪುಟ್ಟ ಪುಟ್ಟ ರಚನೆಗಳು. ವಾಡಿಕೆಯಂತೆ ಒಂದೊಂದಕ್ಕೂ ಒಬ್ಬೊಬ್ಬ ಶಿಷ್ಯೆಯ ಹೆಸರು. ಹನ್ನೊಂದನೆಯ ತಗಡಿನ ಮೊದಲ ಪ್ರತಿಯನ್ನು ಒಪ್ಪಿಗೆಗೆ ಮೇಷ್ಟ್ರ ಮನೆಗೆ ಒಯ್ದಾಗ ಬಟ್ಟೆ ವ್ಯಾಪಾರಿಯ ಹೆಂಡತಿ ಮದಾಂ ವೆರಿಯೆ ಪಾಠಕ್ಕೆ ಕೂತಿದ್ದಳು. ರಚನೆ ಅವಳ ಹೆಸರಿನದೇ. ಮೇಷ್ಟ್ರು ಅದೇ ಹಾಳೆಯನ್ನು ಮುಂದಿಟ್ಟು ನುಡಿಸಲು ಹೇಳಿದರು.

ಮೂರನೆಯ ಸಾಲಿನಲ್ಲಿ ಕಿವಿ ಚುಚ್ಚುವಂಥ ಸ್ವರ ಬಿತ್ತು. ಇನ್ನೊಮ್ಮೆ ನುಡಿಸಿದಳು, ಮತ್ತೆ ಅದೇ.

"ಏನ್ರಮ್ಮಾ, ಕಣ್ಣು ಮನೇಲಿ ಬಿಟ್ಟು ಬಂದ್ರಾ?" ಎಂದು ಮೇಷ್ಟ್ರು ಸಿಡುಕಿದರು.

"ಇಲ್ಲಿರೋದನ್ನೇ ನುಡಿಸ್ತಿದೀನಿ, ಮೇಷ್ಟ್ರೇ." ಅವಳ ಕಣ್ಣಲ್ಲಿ ನೀರು.

"ಈಯಮ್ಮ ಮೂವತ್ತು ವರ್ಷದಿಂದ ಒಂದು ಸ್ವರ ತಪ್ಪಿಲ್ಲ. ನೆಪ ಹೇಳ್ಬೇಡಿ!"

ಪೆರೆತ್‌ಗೆ ಆ ಸಾಲಿನಲ್ಲೇ ಎಣಿಕೆ ತಪ್ಪಿ ಅಂದಾಜಿನ ಮೇಲೆ ಉಳಿ ಊರಿದ್ದು ನೆನಪಾಯಿತು. ಸುಮ್ಮನಿದ್ದರೆ ಮನೆಗೆ ಹೋಗಿ ಸದ್ದಿಲ್ಲದೆ ತಿದ್ದಿಬಿಡಬಹುದು. ಆದರೆ ಆ ಹೆಂಗಸು ತನ್ನ ಹೆಸರಿನ ರಚನೆಯನ್ನೇ ಮುಟ್ಟಲು ಹೆದರುತ್ತ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ಅವರ ಕಣ್ಣು ಸರಿಯಾಗೇ ಇದೆ," ಎಂದಳು ಪೆರೆತ್. "ಹೋಗಿರೋದು ನನ್ದು."

ಮೇಷ್ಟ್ರು ತಮ್ಮ ಕೈಬರಹ ತಂದು ಹೋಲಿಸಿದರು. ಸ್ವರ ಒಂದು ಗೆರೆ ಕೆಳಗಿಳಿದಿತ್ತು.

"ಇನ್ನೂ ಕೆತ್ತದ ತಗಡೆಲ್ಲ ವಾಪಸ್ ಕಳಿಸ್ಬಿಡಮ್ಮ, ಬೇರೆಯವರ ಕೈಲಿ ಮಾಡಿಸ್ತೀನಿ," ಎಂದರು ಮೆಲ್ಲಗೆ.

"ನಾಳೆನೇ ಕಳಿಸ್ತೀನಿ. ಈಗ ಇದನ್ನ ಸರಿಯಾಗಿ ಒಂದ್ಸಲ ನುಡಿಸಿ, ಕೇಳ್ತೀನಿ."

ಮದಾಂ ವೆರಿಯೆ ಕೈಬರಹ ನೋಡಿ ನುಡಿಸಿದಳು. ಪೆರೆತ್ ಕುರ್ಚಿ ಎಳೆದುಕೊಂಡು ನೆಟ್ಟಗೆ ಕೂರುವಷ್ಟರಲ್ಲಿ ಮುಗಿದೇಹೋಯಿತು.

"ಇಷ್ಟೇನಾ?"

"ಇಷ್ಟೇ," ಎಂದರು ಮೇಷ್ಟ್ರು.

"ಆರು ದಿನ ಕೂತು ಕೆತ್ತಿದ್ನಲ್ರೀ ಇದನ್ನ!"

ಯಾರೂ ಹೇಳದೆಯೇ ಮದಾಂ ವೆರಿಯೆ ಮತ್ತೆ ಮೊದಲಿನಿಂದ ಶುರುಮಾಡಿದಳು.